ಪೆನ್ನು ಕಟ್ಟಿಕೊಂಡು ಕುಣಿಯೋ ಯಂತ್ರ

ನಿನ್ನೆ ರಾತ್ರಿ ಹನ್ನೊಂದೂವರೆಗೆ ಭಾವಮೈದ ಒಂದು ವಿಡಿಯೊ ಕಳಿಸಿದ. ಜೊತೆಗೆ ಒಂದೇ ಸಾಲು: "ನೋಡಿ ಭಾವ, ಈ ಹುಡುಗ ಎರಡೇ ದಿನದಲ್ಲಿ ಸಿಎನ್‌ಸಿ ಕಟ್ಟಿದ್ದಾನೆ." ಕೊನೆಗೊಂದು ನಗೋ ಮುಖ. (ಸಿಎನ್‌ಸಿ ಅಂದ್ರೆ ಕಂಪ್ಯೂಟರ್ ಹೇಳಿದಂಗೆ ಓಡಾಡಿ ಮರ, ಲೋಹ ಕೊರೆಯೋ ಯಂತ್ರ.) ಆ ನಗೋ ಮುಖದ ಅರ್ಥ ನಿಮಗೆ ಬಿಡಿಸಿ ಹೇಳಬೇಕಿಲ್ಲ. ಒಂದೂವರೆ ವರ್ಷದಿಂದ ನಾನೂ ಶೆಡ್ಡಿನಲ್ಲಿ ಅಂಥದ್ದೇ ಯಂತ್ರ ಕಟ್ತಿದ್ದೀನಿ, ಅದರ ಫೋಟೊಗಳನ್ನ ಸಹಿಸಿಕೊಂಡು ಬಂದವರು ನೀವು.

ನೋಡಿದೆ. ಎಡಿಟಿಂಗ್ ಚೆನ್ನಾಗೇ ಇತ್ತು. ನುಣುಪಾದ ರಾಡುಗಳು, ಹೆಜ್ಜೆ ಹೆಜ್ಜೆಯಾಗಿ ತಿರುಗೋ ಮೂರು ಪುಟ್ಟ ಸ್ಟೆಪ್ಪರ್ ಮೋಟರು, ಅವನ್ನ ಆಡಿಸೋಕೆ ಆರ್ಡುಯಿನೊ ಅನ್ನೋ ಪುಟ್ಟ ಬೋರ್ಡು, ಒಂದಷ್ಟು ಪ್ಲೈವುಡ್ಡು, ಯುದ್ಧಕ್ಕೆ ಹೊರಟವರಿಗೆ ಹಾಕೋಂಥ ಸಂಗೀತ. ಕೊನೆಗೆ ಯಂತ್ರ ಸುಂಯ್ ಅಂತ ಓಡಾಡಿ ಕಾಗದದ ಮೇಲೆ ನವಿಲು ಬರೆಯಿತು. ಪೆನ್ನಿನಲ್ಲಿ. ಕೆಳಗೆ ದಪ್ಪ ಅಕ್ಷರ: "ನಿಖರತೆ 0.0025 ಮಿ.ಮೀ."

ನನ್ನ ನಿದ್ದೆ ಹೋಗಿದ್ದು ಅಲ್ಲೇ.

ಈ 0.0025 ಎಲ್ಲಿಂದ ಬಂತು ಅಂತ ನನಗೆ ಗೊತ್ತು. ಮೋಟರು ಒಂದು ಸುತ್ತಿಗೆ 200 ಹೆಜ್ಜೆ ಹಾಕುತ್ತೆ. ಡ್ರೈವರ್‌ನಲ್ಲಿ (ಮೋಟರಿಗೆ ಕರೆಂಟ್ ಕೊಡೋ ಬೋರ್ಡು) ಪ್ರತಿ ಹೆಜ್ಜೇನ 16 ತುಂಡು ಮಾಡಿದ್ರೆ 3200. ಯಂತ್ರದ ತಲೆಯನ್ನ ತಳ್ಳೋ ಉದ್ದ ಸ್ಕ್ರೂ, ಅಂದ್ರೆ ಲೀಡ್ ಸ್ಕ್ರೂ, ಒಂದು ಸುತ್ತಿಗೆ ಅದನ್ನ 8 ಮಿ.ಮೀ. ಮುಂದೆ ಒಯ್ಯುತ್ತೆ. ಭಾಗಿಸಿ, ಬಂತು 0.0025. ಇದು ಕ್ಯಾಲ್ಕುಲೇಟರಿನ ನಿಖರತೆ ಸ್ವಾಮಿ, ಯಂತ್ರದ್ದಲ್ಲ. ತಲೆಗೂದಲಿನ ದಪ್ಪವೇ ಸುಮಾರು 0.07 ಮಿ.ಮೀ. ಆ ಪ್ಲೈವುಡ್ ಚೌಕಟ್ಟನ್ನ ಕಿರುಬೆರಳಲ್ಲಿ ಒತ್ತಿದ್ರೆ ಅದಕ್ಕಿಂತ ಜಾಸ್ತಿ ಬಾಗುತ್ತೆ. ನಟ್ಟು ಸ್ಕ್ರೂಗಳ ನಡುವಿನ ಸಡಿಲವೇ ಆ 0.0025ರ ಎಷ್ಟೋ ಪಟ್ಟು ಇರುತ್ತೆ. ಭಾರ ಬಿದ್ದಾಗ ಆ ಹದಿನಾರರಲ್ಲೊಂದು ಪುಟ್ಟ ಹೆಜ್ಜೆ ಸರಿಯಾದ ಜಾಗದಲ್ಲಿ ನಿಲ್ಲುತ್ತೆ ಅನ್ನೋ ಭರವಸೇನೂ ಇಲ್ಲ.

ಪೆನ್ನಿಗೆ ಇದ್ಯಾವುದೂ ಗೊತ್ತಾಗಲ್ಲ. ಕಾಗದ ತಿರುಗಿಸಿ ಒದೆಯೋದಿಲ್ಲವಲ್ಲ! ಅದೇ ಜಾಗಕ್ಕೆ 6 ಮಿ.ಮೀ. ಎಂಡ್ ಮಿಲ್ (ಲೋಹ ಕೊರೆಯೋ ಬಿಟ್) ಹಾಕಿ ಅಲ್ಯೂಮಿನಿಯಮ್ಮಿಗೆ ಇಳಿಸಿ ನೋಡಿ. ಲೋಹ ಒದೆಯುತ್ತೆ, ರಾಡು ಬಾಗುತ್ತೆ, ಬಾಗಿದ್ದು ವಾಪಸ್ ಚಿಮ್ಮುತ್ತೆ, ಮತ್ತೆ ಒದೆಯುತ್ತೆ. ಆ ಕಿರುಚಾಟ ಒಮ್ಮೆ ಕೇಳಿದವರಿಗೆ ನವಿಲಿನ ವಿಡಿಯೊ ನೋಡಿದಾಗ ಬರೋದು ನಗು, ಆಮೇಲೆ ಸಿಟ್ಟು.

ನನ್ನ ತಕರಾರು ಇಷ್ಟೇ. ಚಲಿಸೋದು ಬೇರೆ, ಕೊರೆಯೋದು ಬೇರೆ. ಮನೇಲಿ ಸಿಎನ್‌ಸಿ ಕಟ್ಟೋದು ಅಂದ್ರೆ ತೊಂಬತ್ತು ಪಾಲು ಬಿಗಿತದ ಜೊತೆಗಿನ ಜಗಳ, ಅದನ್ನ ಯಾರೂ ತೋರಿಸಲ್ಲ. ಎರಡು ತುದಿಗೆ ಮಾತ್ರ ಆಧಾರ ಇರೋ ರಾಡಿನ ಉದ್ದ ಎರಡು ಪಟ್ಟಾದ್ರೆ ಅದೇ ಭಾರಕ್ಕೆ ಅದು ಎಂಟು ಪಟ್ಟು ಬಾಗುತ್ತೆ. ದಪ್ಪ ಎರಡು ಪಟ್ಟಾದ್ರೆ ಬಾಗೋದು ಹದಿನಾರನೇ ಒಂದು ಪಾಲು. ಇಷ್ಟು ಗೊತ್ತಿದ್ದರೆ ಅರ್ಧ ಯುದ್ಧ ಗೆದ್ದಂಗೆ. ಆದ್ರೆ ಎಲ್ಲರ ಪ್ರಶ್ನೆ ಒಂದೇ, "ಯಾವ ಮೋಟರ್ ಹಾಕಿದ್ರಿ ಸಾರ್? ನೆಮಾ 23 ಪವರ್‌ಫುಲ್ಲಾ?" ಅಯ್ಯಾ, 23 ಅಂದ್ರೆ ಮೋಟರಿನ ಮುಖದ ಅಳತೆ, 2.3 ಇಂಚು. ಶಕ್ತಿಯ ಲೆಕ್ಕ ಅಲ್ಲ ಅದು.

ಎಲೆಕ್ಟ್ರಾನಿಕ್ಸು ಕಷ್ಟ ಅಂತ ನಾನೂ ನಂಬಿದ್ದೆ. ಆ ಕಷ್ಟವನ್ನ ಬೇರೆಯವರು ಯಾವತ್ತೋ ಪಟ್ಟು ಮುಗಿಸಿದ್ದಾರೆ. ಜಿಆರ್‌ಬಿಎಲ್ ಅನ್ನೋ ಪುಕ್ಕಟೆ ತಂತ್ರಾಂಶ ಬರೀ 2 ಕೆಬಿ ರ‍್ಯಾಮ್ ಇರೋ ಆರ್ಡುಯಿನೊ ಚಿಪ್ಪಿನಲ್ಲಿ ಕೂತು ಮೂರು ಅಕ್ಷಗಳನ್ನ (ಎಡ-ಬಲ, ಹಿಂದೆ-ಮುಂದೆ, ಮೇಲೆ-ಕೆಳಗೆ) ಒಟ್ಟಿಗೆ ಓಡಿಸುತ್ತೆ. ವೈರಿಂಗ್ ಒಂದು ಭಾನುವಾರದ ಕೆಲಸ. (ಡ್ರೈವರ್‌ಗೆ ಕರೆಂಟ್ ಇರುವಾಗ ಮೋಟರ್ ವೈರ್ ಕೀಳದಿದ್ದರೆ. ಕಿತ್ತರೆ ಡ್ರೈವರ್ ಸುಟ್ಟುಹೋಗಬಹುದು. ನಾನು ಕಿತ್ತೆ. ಎರಡು ಸಲ.) ಇತಿಹಾಸಾನೇ ನೋಡಿ. 1952ರಲ್ಲಿ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದವರು ತೂತು ಹೊಡೆದ ಟೇಪಿನಿಂದ ಓಡೋ ಯಂತ್ರ ತೋರಿಸಿದರಲ್ಲ, ಅವರೇನು ಹೊಸ ಚೌಕಟ್ಟು ಕಟ್ಟಲಿಲ್ಲ. ಸಿನ್ಸಿನಾಟಿ ಕಂಪನಿಯ ಭಾರೀ ಮಿಲ್ಲಿಂಗ್ ಯಂತ್ರವೊಂದನ್ನ ತಗೊಂಡು ಅದಕ್ಕೆ ಬುದ್ಧಿ ಜೋಡಿಸಿದರು. ಮೈ ಮೊದಲೇ ಗಟ್ಟಿ ಇತ್ತು. ನಾವು ಬುದ್ಧಿ ಕೊಂಡು ತಂದು ಅದಕ್ಕೆ ರಟ್ಟಿನ ಮೈ ಕೊಡ್ತೀವಿ.

"ಆದ್ರೂ ಇಂಥ ವಿಡಿಯೊ ನೋಡಿ ನಾಲ್ಕು ಜನ ಶುರು ಮಾಡ್ತಾರಲ್ವಾ" ಅಂತ ನೀವು ಕೇಳ್ತೀರಿ. ಮಾಡ್ತಾರೆ, ಒಪ್ಪಿದೆ. ಶುರು ಮಾಡಿದ ನಾಲ್ವರಲ್ಲಿ ಮೂವರ ರಾಡು, ಮೋಟರು ಮಂಚದ ಕೆಳಗೆ ಸೇರುತ್ತೆ. "ಎರಡೇ ದಿನ" ಅಂತ ನಂಬಿಸಿದವನಿಗೆ ಮೂರನೇ ತಿಂಗಳಲ್ಲಿ ಇವರು ನೆನಪಿರಲ್ಲ. ತಮ್ಮ ಕೈಯಲ್ಲೇ ಏನೋ ದೋಷ ಇದೆ ಅಂದುಕೊಂಡು ಇವರು ಬಿಟ್ಟುಬಿಡ್ತಾರೆ. ಇದನ್ನ ಪ್ರೋತ್ಸಾಹ ಅಂತ ಕರೆಯೋಕೆ ನನಗಂತೂ ಬಾಯಿ ಬರಲ್ಲ.

ಸರಿ, ಹಳಬರು ಯಾರಾದ್ರೂ ಸ್ಕ್ರೀನ್‌ಶಾಟ್ ತೆಗೆದು ಹಾಕೋ ಮುಂಚೆ ನಾನೇ ಹೇಳಿಬಿಡ್ತೀನಿ. ಮೊದಲ ತಿಂಗಳಲ್ಲಿ ನಾನೂ ಪೆನ್ನಿನ ವಿಡಿಯೊ ಹಾಕಿದ್ದೆ, ಇದೇ ಗೋಡೆ ಮೇಲೆ. ನವಿಲಲ್ಲ, ಹೆಂಡತಿಯ ಹೆಸರು. ಕೆಳಗೆ 0.003 ಮಿ.ಮೀ. ಅಂತ ಬರೆದಿದ್ದೆ. ನಿಮ್ಮಲ್ಲಿ ಎಷ್ಟೋ ಜನ ಹೃದಯ ಒತ್ತಿದ್ರಿ. ಡಿಲೀಟ್ ಮಾಡೋಕೆ ಹೋದೆ, ಮನಸ್ಸು ಬರಲಿಲ್ಲ.

ಆ ಯಂತ್ರ ಎಂಡಿಎಫ್‌ನದ್ದು. ಮರದ ನಾರು ಒತ್ತಿ ಮಾಡಿದ ಹಲಗೆ, ಗಾಳಿಯ ತೇವ ಕುಡಿದು ಉಬ್ಬೋ ವಸ್ತು. ಅದರಲ್ಲಿ ಮೊದಲು ಕೊರೆದ ವೃತ್ತ ಮೊಟ್ಟೆ ಆಯ್ತು. ಮೂರು ವಾರ ಸಾಫ್ಟ್‌ವೇರ್ ಬೈದೆ, ಸೆಟ್ಟಿಂಗ್ ತಿರುಚಿದೆ, ಬೋರ್ಡ್ ಬದಲಾಯಿಸಿದೆ. ವೃತ್ತ ತಾನೇ ರೋಗ ಹೇಳುತ್ತೆ ಅಂತ ಆಗ ತಿಳಿದಿರಲಿಲ್ಲ. ಅಕ್ಷ ದಿಕ್ಕು ಬದಲಿಸೋ ನಾಲ್ಕು ಜಾಗದಲ್ಲಿ ಚಪ್ಪಟೆಯಾದ್ರೆ ಸ್ಕ್ರೂ ಸಡಿಲ. ಮೂಲೆಯಿಂದ ಮೂಲೆಗೆ ಓರೆಯಾಗಿ ಉದ್ದವಾದ್ರೆ ಎರಡು ಅಕ್ಷಗಳು ಲಂಬವಾಗಿಲ್ಲ. ನಂದು ಎರಡನೇದು. 600 ಮಿ.ಮೀ. ಚೌಕ ಕೊರೆದು ಕರ್ಣಗಳನ್ನ ಅಳೆದೆ, ಎರಡರ ನಡುವೆ 3 ಮಿ.ಮೀ. ವ್ಯತ್ಯಾಸ. ಅಂದ್ರೆ ಗ್ಯಾಂಟ್ರಿ (ಕೊರೆಯೋ ತಲೆ ಹೊತ್ತು ಓಡಾಡೋ ಅಡ್ಡ ಸೇತುವೆ) 2 ಮಿ.ಮೀ.ಗಿಂತ ಜಾಸ್ತಿ ಓರೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನನ್ನ ವಿಷಯದಲ್ಲಿ ನೆಲ ನಿಜವಾಗಿಯೂ ಡೊಂಕಿತ್ತು, ನಾನು ಬೈದಿದ್ದು ಮಾತ್ರ ಮದ್ದಳೆಯವನನ್ನ.

ಆಮೇಲೆ ಡಯಲ್ ಗೇಜ್ ತಂದೆ, ಕೂದಲೆಳೆಯಷ್ಟು ಅಲುಗಾಟವನ್ನೂ ಮುಳ್ಳಿನಲ್ಲಿ ತೋರಿಸೋ ಅಳತೆ ಸಾಧನ. ಜೀವನದಲ್ಲಿ ಇಷ್ಟು ನಿಷ್ಠುರವಾಗಿ ಮಾತಾಡೋ ವಸ್ತು ಇನ್ನೊಂದು ನೋಡಿಲ್ಲ. ಸ್ಪಿಂಡಲ್ (ಬಿಟ್ ಹಿಡಿದು ತಿರುಗಿಸೋ ಭಾಗ) ಮೂತಿಗೆ ತಾಗಿಸಿ ಪಕ್ಕದಿಂದ ಕೈಯಲ್ಲಿ ಸ್ವಲ್ಪ ತಳ್ಳಿದೆ. ಮುಳ್ಳು 0.6 ಮಿ.ಮೀ. ಓಡಿತು. ನಾನು ಬರೆದುಕೊಂಡ 0.003ರ ಇನ್ನೂರು ಪಟ್ಟು. ಆ ರಾತ್ರಿ ಶೆಡ್ಡಿನ ಲೈಟ್ ಆರಿಸಿ ಸುಮ್ಮನೆ ಕೂತಿದ್ದೆ, ಮನೆಯವಳು ಬಂದು "ಏನಾಯ್ತು, ಸುಟ್ಟುಹೋಯ್ತಾ?" ಅಂದಳು. ಸುಟ್ಟುಹೋಗಿದ್ರೆ ಎಷ್ಟೋ ಚೆನ್ನಾಗಿತ್ತು. ಸುಟ್ಟಿದ್ದನ್ನ ಬದಲಾಯಿಸಬಹುದು. ಬಾಗೋದನ್ನ ಬಿಚ್ಚಿ ಮೊದಲಿಂದ ಕಟ್ಟಬೇಕು.

ಕಟ್ಟಿದೆ. ರಾಡಿನ ಬದಲು ಉದ್ದಕ್ಕೂ ಆಧಾರ ಇರೋ ಲೀನಿಯರ್ ರೈಲು, ಎಂಡಿಎಫ್ ಬದಲು ಉಕ್ಕಿನ ಚೌಕ ಪೈಪು, ಲೀಡ್ ಸ್ಕ್ರೂ ಬದಲು ಸಡಿಲ ಕಮ್ಮಿ ಇರೋ ಬಾಲ್ ಸ್ಕ್ರೂ. ಬೆಸುಗೆ ಹಾಕಿದ ಪೈಪು ತಣ್ಣಗಾಗುವಾಗ ಸೊಟ್ಟಾಯ್ತು, ಅದರ ಕಥೆ ಇನ್ನೊಂದು ದಿನ. ಈಗ ಅದೇ ಥರ ತಳ್ಳಿದ್ರೆ 0.05. ಇಷ್ಟಕ್ಕೆ ಒಂದೂವರೆ ವರ್ಷ. ಇದನ್ನ ಸಂಗೀತ ಹಾಕಿ ಎಂಟು ನಿಮಿಷಕ್ಕೆ ಇಳಿಸೋದು ಹೇಗೆ ಅಂತ ಆ ಹುಡುಗನ್ನೇ ಕೇಳಬೇಕು.

ಇವತ್ತು ಬೆಳಿಗ್ಗೆ ಸ್ಪಿಂಡಲ್‌ಗೆ ಗೇಜ್ ಕಟ್ಟಿ ಬೆಡ್ (ಕೊರೆಯೋ ವಸ್ತು ಇಡೋ ಮೇಜು) ಮೇಲೆ ಒಂದು ಸುತ್ತು ತಿರುಗಿಸಿದೆ. ಬಲಗಡೆ ಮುಂದಿನ ಮೂಲೇಲಿ ಮುಳ್ಳು ಇನ್ನೂ ನಾಲ್ಕು ಗೆರೆ ಇಳೀತಿದೆ. ಬೋಲ್ಟ್ ಸಡಿಲಿಸಿ ಇಟ್ಟಿದ್ದೀನಿ, ಊಟ ಮುಗಿಸಿ ಹೋಗಿ ಶಿಮ್ (ತೆಳು ತಗಡಿನ ತುಂಡು) ತೂರಿಸಬೇಕು. ಭಾವಮೈದನಿಗೆ ಇನ್ನೂ ಉತ್ತರ ಕಳಿಸಿಲ್ಲ.