ಹಮ್ಮಸ್ ಯಾರಪ್ಪನ ಮನೆ ಗಂಟು?

ಲಂಡನ್ನಿನಲ್ಲಿ ಇಸ್ರೇಲಿ ಊಟ ಬೇಕಾದಷ್ಟು ಸಿಗುತ್ತದೆ, ಬೋರ್ಡಿನ ಮೇಲೆ ಮಾತ್ರ ಸಿಗುವುದಿಲ್ಲ. ಸೋಹೋ, ನಾಟಿಂಗ್ ಹಿಲ್ ಕಡೆ ಸುಮ್ನೆ ಒಂದು ಸುತ್ತು ಹಾಕಿ ಬನ್ನಿ. ಅಡುಗೆಯವರು ಟೆಲ್ ಅವೀವ್‌ನವರು, ಒಳಗೆ ಕಿವಿ ಕಿತ್ತುಹೋಗುವ ಹಾಗೆ ಬಡಿಯುತ್ತಿರುವ ಹಾಡೂ ಅಲ್ಲಿಯದೇ. ಬೋರ್ಡು ಓದಿದರೆ 'ಮಿಡಲ್ ಈಸ್ಟರ್ನ್'. ಪಕ್ಕದ ಬೀದಿಯಲ್ಲಿ 'ಈಸ್ಟರ್ನ್ ಮೆಡಿಟರೇನಿಯನ್'. ಬಾಡಿಗೆ ಇನ್ನೂ ಜಾಸ್ತಿ ಇರುವ ಕಡೆ 'ಲೆವಾಂಟೈನ್'. ದೇಶದ ಹೆಸರು ಹಾಕಿದರೆ ಗಲಾಟೆ, ಸಮುದ್ರದ ಹೆಸರು ಹಾಕಿದರೆ ಯಾರೂ ಕಲ್ಲು ಹೊಡೆಯುವುದಿಲ್ಲ ಅಂತ ಲೆಕ್ಕ. ಸಮುದ್ರಕ್ಕೆ ರಾಯಭಾರ ಕಚೇರಿ ಇಲ್ಲ ನೋಡಿ.

ಹೆದರಿಕೆ ಸುಳ್ಳೇನಲ್ಲ. 2023ರ ಡಿಸೆಂಬರಿನಲ್ಲಿ ಅಮೆರಿಕದ ಫಿಲಡೆಲ್ಫಿಯಾದಲ್ಲಿ ಇಸ್ರೇಲಿ ಮೂಲದವರ ಒಂದು ಫಲಾಫೆಲ್ (ಕಡಲೆ ವಡೆ) ಅಂಗಡಿ ಮುಂದೆ ಜನ ಸೇರಿ ಘೋಷಣೆ ಕೂಗಿದರು, ಮಾತು ವೈಟ್ ಹೌಸ್‌ವರೆಗೆ ಹೋಯಿತು. ಬರ್ಲಿನ್ನಿನಲ್ಲಿ ಒಬ್ಬ ಇಸ್ರೇಲಿ, ಒಬ್ಬ ಪ್ಯಾಲೆಸ್ಟೀನಿಯನ್ ಪಾಲುದಾರರಾಗಿ ನಡೆಸುವ ಹೋಟೆಲಿದೆ. 2024ರಲ್ಲಿ ಅದಕ್ಕೂ ಯಾರೋ ನುಗ್ಗಿ ಹಾಳುಗೆಡವಿದರು. ಗಾಜಾದಲ್ಲಿ ಜನ ಸಾಯುತ್ತಿರುವಾಗ ಸಿಟ್ಟು ಬರುವುದು ಸಹಜ, ಅದರಲ್ಲಿ ನಗುವಂಥದ್ದು ಏನೂ ಇಲ್ಲ. ನಗು ಬರುವುದು ಆ ಸಿಟ್ಟು ಗೂಗಲ್ ರಿವ್ಯೂ ಆಗಿ ಇಳಿದಾಗ. ಒಬ್ಬ ಒಂದು ಸ್ಟಾರ್ ಕೊಡುತ್ತಾನೆ. ಅವನ ಮೇಲಿನ ಹಟಕ್ಕೆ ಇನ್ನೊಬ್ಬ ಐದು ಕೊಡುತ್ತಾನೆ. ಇಬ್ಬರೂ ಲಂಡನ್ನಿನ ಮುಖವನ್ನೇ ನೋಡಿದವರಲ್ಲ. ನಡುವೆ ಒಬ್ಬ ಪಾಪದವನು 'ಬದನೆಕಾಯಿ ಸರಿಯಾಗಿ ಬೆಂದಿರಲಿಲ್ಲ' ಅಂತ ಬರೆದಿರುತ್ತಾನೆ, ಅವನಿಗೆ ಎರಡೂ ಕಡೆಯಿಂದ ಮಂಗಳಾರತಿ.

ಇಷ್ಟೆಲ್ಲ ದಾಟಿ ಒಳಗೆ ಹೋಗಿ ಕೂತಿರಿ ಅಂದ್ಕೊಳ್ಳಿ. ಬಡಿಸುವ ಹುಡುಗ 'ಮೊದಲ ಸಲ ಬರ್ತಿದ್ದೀರಾ?' ಅಂತ ಪಾಠ ಶುರು ಮಾಡುತ್ತಾನೆ. ತಟ್ಟೆಗಳನ್ನೆಲ್ಲ ಮಧ್ಯೆ ಇಡುತ್ತಾರಂತೆ, ಎಲ್ಲರೂ ಹಂಚಿಕೊಂಡು ತಿನ್ನಬೇಕಂತೆ, ಯಾವುದು ಮೊದಲು ಆಗುತ್ತದೋ ಅದು ಮೊದಲು ಬರುತ್ತದಂತೆ. ಒಟ್ಟು ಕುಟುಂಬದಲ್ಲಿ ಬೆಳೆದವರಿಗೆ ಇದನ್ನೂ ಹೇಳಿಕೊಡಬೇಕಾ? ಹಮ್ಮಸ್ ಬರುತ್ತದೆ, ಅಂದರೆ ಬೇಯಿಸಿ ಎಳ್ಳಿನ ಜೊತೆ ನುಣ್ಣಗೆ ರುಬ್ಬಿದ ಕಡಲೆಕಾಳು. ಚಮಚದ ಬೆನ್ನಿನಿಂದ ತಟ್ಟೆ ತುಂಬ ಬಳಿದಿರುತ್ತಾರೆ, ನಡುವೆ ಒಂದು ಗುಳಿ, ಗುಳಿಯಲ್ಲಿ ಆಲಿವ್ ಎಣ್ಣೆ, ಎಣ್ಣೆಯಲ್ಲಿ ತೇಲುವ ನಾಲ್ಕು ಇಡೀ ಕಡಲೆಕಾಳು. ನೋಡಲು ತಟ್ಟೆ ಭರ್ತಿ, ಕೆರೆದರೆ ಮೂರು ಚಮಚ. ಒಂಬತ್ತು ಪೌಂಡ್, ಅಂದರೆ ಹೆಚ್ಚುಕಮ್ಮಿ ಸಾವಿರ ರೂಪಾಯಿ. ಪೀಟಾ ರೊಟ್ಟಿಗೆ ಬೇರೆ ದುಡ್ಡು. 'ಇಷ್ಟವಿದ್ದರೆ ಕೊಡಿ' ಅನ್ನುವ ಸರ್ವೀಸ್ ಚಾರ್ಜು ಶೇ. 12.5, ನಿಮ್ಮ ಇಷ್ಟ ಕೇಳುವ ಮೊದಲೇ ಬಿಲ್ಲಿಗೆ ಸೇರಿಸಿರುತ್ತಾರೆ.

ಇನ್ನು ಸಲಾಡು. ಸೌತೆಕಾಯಿ, ಟೊಮೆಟೊ ಸಣ್ಣಗೆ ಹೆಚ್ಚಿ ನಿಂಬೆಹಣ್ಣು ಹಿಂಡಿದ್ದು, ಅಷ್ಟೇ. ಅಮೆರಿಕದಲ್ಲಿ ಇದು ಇಸ್ರೇಲಿ ಸಲಾಡ್. ಇಸ್ರೇಲಿನಲ್ಲೇ ಬಹಳ ಜನರಿಗೆ ಇದು ಅರಬ್ ಸಲಾಡ್. ಲಂಡನ್ನಿನಲ್ಲಿ, ಇಬ್ಬರ ಜಗಳ ನಮಗ್ಯಾಕೆ ಅಂತ, ಬರೀ 'ಚಾಪ್ಡ್ ಸಲಾಡ್'. ನೆನೆಸಿದ ಹೆಸರುಬೇಳೆ ಬೆರೆಸಿ ಒಗ್ಗರಣೆ ಕೊಟ್ಟರೆ ಕೋಸಂಬರಿ. ರಾಮನವಮಿ ದಿನ ಕರೆದು ಕರೆದು ಪುಕ್ಕಟೆ ಕೊಡುತ್ತಾರೆ.

ಹಾಗಾದರೆ ಈ ಅಡುಗೆ ಯಾರದು? ಟೊಮೆಟೊ ಗೊಜ್ಜಿನಲ್ಲಿ ಮೊಟ್ಟೆ ಬೇಯಿಸುವ ಶಕ್ಶುಕಾ ಟುನೀಶಿಯಾ, ಲಿಬಿಯಾ ಕಡೆಯದು. ರಾತ್ರಿಯಿಡೀ ಬೇಯಿಸುವ ಸುರುಳಿ ರೊಟ್ಟಿ ಜಖ್ನೂನ್ ಯೆಮನ್‌ನದು. ತೆಳ್ಳಗೆ ತಟ್ಟಿ ಕರಿದ ಮಾಂಸ, ಶ್ನಿಟ್ಸೆಲ್, ವಿಯೆನ್ನಾದಿಂದ ಬಂತು. ಬದನೆಕಾಯಿ, ಮೊಟ್ಟೆ ತುಂಬಿದ ಪೀಟಾ ರೊಟ್ಟಿ ಸಬೀಖ್ ಇರಾಕಿನ ಯಹೂದಿಗಳು ತಂದದ್ದು, ಅದರ ಮೇಲೆ ಸುರಿಯುವ ಹಳದಿ 'ಅಂಬಾ' ನಮ್ಮ ಕಡೆಯ ಮಾವಿನಕಾಯಿ ಉಪ್ಪಿನಕಾಯಿ, ಬಾಗ್ದಾದ್ ಸುತ್ತಿಕೊಂಡು ಅಲ್ಲಿಗೆ ಮುಟ್ಟಿದೆ. ಬಂದವರು ತಂದ ಗಂಟು, ಮೊದಲಿನಿಂದ ಅಲ್ಲೇ ಇದ್ದ ಅರಬ್ಬರ ಒಲೆ. ಆ ಒಲೆಯವರ ತಕರಾರು ನ್ಯಾಯವಾದದ್ದೇ: ನಮ್ಮಜ್ಜಿ ಮಾಡುತ್ತಿದ್ದ ಅಡುಗೆಗೆ ನಿಮ್ಮ ಬಾವುಟ ಯಾಕೆ ಅಂತ. 1977ರಲ್ಲಿ ಇಸ್ರೇಲ್ ಸರ್ಕಾರ ಅರಬ್ಬರು ಅಡುಗೆಗೆ ಬಳಸುವ ಘಮಘಮಿಸುವ ಸೊಪ್ಪು, ಕಾಡು ಝಾತರ್ ಗಿಡವನ್ನು ಸಂರಕ್ಷಿತ ಪಟ್ಟಿಗೆ ಸೇರಿಸಿತು. ಆಮೇಲೆ ಎಷ್ಟೋ ವರ್ಷ ಅಜ್ಜಿಯರು ಗುಡ್ಡದಿಂದ ಸೊಪ್ಪು ಕಿತ್ತು ತಂದರೆ ದಂಡ ಬೀಳುತ್ತಿತ್ತು. ಝಾತರ್ ಪುಡಿ ಲಂಡನ್ನಿನ ಸೂಪರ್ ಮಾರ್ಕೆಟ್ಟಿನಲ್ಲಿ ಪುಟ್ಟ ಶೀಶೆಯಲ್ಲಿ ಕೂತಿದೆ, ದಂಡ ಕಟ್ಟಬೇಕಾಗಿಲ್ಲ, ಬೆಲೆಯೇ ದಂಡ.

ಯಾರದು ಅಂತ ಕೇಳದೆ ವ್ಯಾಪಾರ ಮಾಡಿದವರೂ ಇದ್ದಾರೆ ಅನ್ನಿ. ಬಾಣಸಿಗರಾದ ಯೋಟಮ್ ಒಟ್ಟೊಲೆಂಘಿ, ಸಾಮಿ ತಮೀಮಿ ಇಬ್ಬರೂ ಜೆರುಸಲೇಮಿನಲ್ಲಿ 1968ರಲ್ಲಿ ಹುಟ್ಟಿದವರು, ಒಬ್ಬರು ಪಶ್ಚಿಮದ ಯಹೂದಿ, ಇನ್ನೊಬ್ಬರು ಪೂರ್ವದ ಅರಬ್. ಒಂದೇ ಊರಿನವರು ಪರಸ್ಪರ ಪರಿಚಯವಾಗಲು ಲಂಡನ್ನಿಗೆ ಬರಬೇಕಾಯಿತು. 2002ರಲ್ಲಿ ನಾಟಿಂಗ್ ಹಿಲ್‌ನಲ್ಲಿ ಜೊತೆಯಾಗಿ ಅಂಗಡಿ ತೆಗೆದರು, ಆಮೇಲೆ ಇಂಗ್ಲಿಷರ ಅಡುಗೆಮನೆಗೆಲ್ಲ ದಾಳಿಂಬೆ ಕಾಳು ಉದುರಿಸಿದರು.

ದೇಶಗಳು ಅಷ್ಟು ಬುದ್ಧಿವಂತರಲ್ಲ. ಹಮ್ಮಸ್ ನಮ್ಮದು ಅಂತ ತೋರಿಸಲು ಲೆಬನಾನ್ 2009ರಲ್ಲಿ ಎರಡು ಟನ್‌ಗೂ ಜಾಸ್ತಿ ರುಬ್ಬಿ ಗಿನ್ನೆಸ್ ದಾಖಲೆ ಮಾಡಿತು. ಮರುವರ್ಷ ಜನವರಿಯಲ್ಲಿ ಇಸ್ರೇಲಿನವರು ನಾಲ್ಕು ಟನ್ ಮಾಡಿದರು. ಅಷ್ಟು ದೊಡ್ಡ ಪಾತ್ರೆ ಎಲ್ಲಿದೆ? ಸ್ಯಾಟಲೈಟ್ ಡಿಶ್ ತಂದು ಅದರೊಳಗೆ ಸುರಿದರು. ಇಸ್ರೇಲಿನ ಮಾನ ಕಾಪಾಡಿದ ಆ ಹಮ್ಮಸ್ ಮಾಡಿದ್ದು ಅಬು ಘೋಷ್ ಅನ್ನುವ ಅರಬ್ಬರ ಊರಿನಲ್ಲಿ ಅನ್ನುವುದನ್ನು ಬಾವುಟ ಬೀಸುವವರು ಅಷ್ಟಾಗಿ ಹೇಳುವುದಿಲ್ಲ. ಮೇ ತಿಂಗಳಲ್ಲಿ ಲೆಬನಾನ್ ತಿರುಗಿ ಬಿತ್ತು: 10,452 ಕಿಲೋ. ಯಾಕೆ ಅಷ್ಟೇ ಅಂದರೆ, ಆ ದೇಶದ ವಿಸ್ತೀರ್ಣ 10,452 ಚದರ ಕಿಲೋಮೀಟರ್. ಚದರಕ್ಕೊಂದು ಕಿಲೋ! ಇಷ್ಟಕ್ಕೂ 13ನೇ ಶತಮಾನದ ಕೈರೋದ ಅಡುಗೆ ಪುಸ್ತಕಗಳಲ್ಲೇ ಅರೆದ ಕಡಲೆಯ ಖಾದ್ಯ ಇದೆ, ಈಜಿಪ್ಟಿನವರು ತೆಪ್ಪಗಿದ್ದಾರೆ.

ನಾವು ನಗುವ ಹಾಗಿಲ್ಲ. 2025ರ ಮೇನಲ್ಲಿ ಜೈಪುರದ ಮಿಠಾಯಿ ಅಂಗಡಿಯವರು ಪಾಕಿಸ್ತಾನದ ಮೇಲಿನ ಸಿಟ್ಟಿಗೆ ಮೈಸೂರು ಪಾಕನ್ನು 'ಮೈಸೂರು ಶ್ರೀ' ಮಾಡಿದರು, ಸಕ್ಕರೆ ಪಾಕಕ್ಕೂ ಪೌರತ್ವ ಪರೀಕ್ಷೆ. ಇನ್ನು ತಡ ಮಾಡಬಾರದು, ಯಾರಾದರೂ ಕೋಸಂಬರಿ ತಮ್ಮದು ಅನ್ನುವ ಮೊದಲೇ ದಾಖಲೆ ಮಾಡಿಬಿಡಬೇಕು. ಲೆಬನಾನ್ ಲೆಕ್ಕದಲ್ಲೇ ಹೋದರೆ ಕರ್ನಾಟಕದ ವಿಸ್ತೀರ್ಣಕ್ಕೆ 1,91,791 ಕಿಲೋ ಆಗಬೇಕು. ಪಾತ್ರೆಗೆ ಚಿಂತೆಯಿಲ್ಲ, ಬೆಂಗಳೂರು ಹತ್ತಿರದ ಬ್ಯಾಲಾಳುವಿನಲ್ಲಿ ಇಸ್ರೋದ 32 ಮೀಟರ್ ಡಿಶ್ ಇದೆ, ಒಂದು ದಿನದ ಮಟ್ಟಿಗೆ ಕೇಳಿದರೆ ಇಲ್ಲ ಅಂತಾರಾ? ಉಪ್ಪು ಮಾತ್ರ ಗಿನ್ನೆಸ್‌ನವರು ತೂಕ ಹಾಕಿದ ಮೇಲೆಯೇ ಹಾಕಿ. ಮೊದಲೇ ಹಾಕಿದರೆ ಸೌತೆಕಾಯಿ ನೀರು ಬಿಡುತ್ತದೆ, ಆ ನೀರಿನಲ್ಲಿ ತಮಿಳುನಾಡಿನ ಪಾಲೆಷ್ಟು ಅಂತ ಇನ್ನೊಂದು ಕೇಸು.