ಎರಡನೇ ಸ್ಥಾನದವನನ್ನು ಕಂಡರೆ ಅಧ್ಯಕ್ಷರಿಗೆ ಯಾಕಷ್ಟು ಭಯ?

ತಮಿಳು ಸಂಘಟನೆಗಳಲ್ಲಿ ಮುಂದಿನ ನಾಯಕರನ್ನು ಬೆಳೆಸುವ ಮಾತು ಬಂದಾಗಲೆಲ್ಲ ನನಗೆ ನೆನಪಾಗೋದು ಮಲೇಷ್ಯಾದ ಎಂಐಸಿ, ಅಂದರೆ ಮಲೇಷಿಯನ್ ಇಂಡಿಯನ್ ಕಾಂಗ್ರೆಸ್. ಹೆಸರಲ್ಲಿ ಇಂಡಿಯನ್ ಇದ್ದರೂ ಸದಸ್ಯರಲ್ಲಿ ಜಾಸ್ತಿ ಜನ ತಮಿಳರು, ರಬ್ಬರ್ ತೋಟಗಳಿಗೆ ಕೂಲಿಗೆ ಹೋದವರ ಮಕ್ಕಳು, ಮೊಮ್ಮಕ್ಕಳು. ಶುರುವಾದದ್ದು 1946ರಲ್ಲಿ. ರಾಜಕೀಯ ಪಕ್ಷ ಹೌದು, ಆದರೆ ತಮಿಳು ಶಾಲೆಗೆ ದುಡ್ಡು ಬೇಕೆಂದರೂ ದೇವಸ್ಥಾನದ ಜಾಗದ ತಕರಾರಾದರೂ ಜನ ಅದರ ಬಾಗಿಲಿಗೇ ಹೋಗುತ್ತಿದ್ದರು.

ಅಲ್ಲಿ ಸಾಮಿವೇಲು ಅಧ್ಯಕ್ಷರಾಗಿದ್ದು 1979ರಿಂದ 2010ರವರೆಗೆ. 31 ವರ್ಷ! ಸುಮ್ನೆ ಕೂತಿದ್ದರು ಅಂತ ನಾನು ಹೇಳಲ್ಲ. ಕೆಡಾ ರಾಜ್ಯದಲ್ಲಿ ಏಮ್ಸ್ಟ್ ವಿಶ್ವವಿದ್ಯಾಲಯ ಎದ್ದು ನಿಂತದ್ದು ಅವರ ಕಾಲದಲ್ಲಿ, ಅವರ ಹಟದಿಂದ. ಆದರೆ ಒಂದು ವಿಷಯ ಗಮನಿಸಿ. ಅವರಿಗೆ ಕುರ್ಚಿ ಸಿಕ್ಕಿದ್ದೇ ಎರಡನೇ ಸ್ಥಾನದಲ್ಲಿ ಇದ್ದದ್ದರಿಂದ. ಅಧ್ಯಕ್ಷ ಮಾಣಿಕ್ಕವಾಸಗಂ 1979ರಲ್ಲಿ ಅಧಿಕಾರದಲ್ಲಿದ್ದಾಗಲೇ ತೀರಿಕೊಂಡರು, ಉಪಾಧ್ಯಕ್ಷರಾಗಿದ್ದ ಸಾಮಿವೇಲು ಮೇಲೇರಿದರು. ಆ ಜಾಗದ ಬೆಲೆ ಅವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತಿರಬೇಕು, ಅಲ್ವಾ?

ಗೊತ್ತಿದ್ದದ್ದರಿಂದಲೇ ಇರಬೇಕು, ತಮ್ಮ ಕೆಳಗೆ ಗಟ್ಟಿ ಆಳು ಇರೋದು ಅವರಿಗೆ ಹಿಡಿಸಲಿಲ್ಲ. ಎಸ್. ಸುಬ್ರಮಣ್ಯಂ ವರ್ಷಗಟ್ಟಲೆ ಉಪಾಧ್ಯಕ್ಷರಾಗಿದ್ದರು, ಒಮ್ಮೆ ಅಧ್ಯಕ್ಷ ಸ್ಥಾನಕ್ಕೂ ನಿಂತು ಸೋತರು. ಇಬ್ಬರ ಜಗಳ ಇಡೀ ದೇಶಕ್ಕೆ ಗೊತ್ತಿತ್ತು. ಕೊನೆಗೆ 2006ರಲ್ಲಿ ಉಪಾಧ್ಯಕ್ಷ ಸ್ಥಾನಕ್ಕೆ ಸಾಮಿವೇಲು ಬೆಂಬಲದಿಂದ ನಿಂತ ಪಳನಿವೇಲ್ ಆ ಸುಬ್ರಮಣ್ಯಂ ಅವರನ್ನು ಸೋಲಿಸಿದರು. ಪಳನಿವೇಲ್ ಒಂದು ಕಾಲಕ್ಕೆ ಸಾಮಿವೇಲು ಅವರ ಪತ್ರಿಕಾ ಕಾರ್ಯದರ್ಶಿ. ಎದುರು ಮಾತಾಡದವರು ಸಿಕ್ಕಿದರು ಅಂತ ನೆಮ್ಮದಿ ಆಗಿರಬೇಕು.

ಆಮೇಲೆ ನೋಡಿ. 2007ರ ನವೆಂಬರ್‌ನಲ್ಲಿ ಅಲ್ಲಿನ ಹಿಂದೂಗಳ ಹಕ್ಕಿಗಾಗಿ ಹೋರಾಡುವ ಹಿಂಡ್ರಾಫ್ ಸಂಘಟನೆಯ ಕರೆಗೆ ಸಾವಿರಾರು ಜನ ಕೌಲಾಲಂಪುರದ ಬೀದಿಗೆ ಇಳಿದರು. ಅವರ ಸಿಟ್ಟು ಸರ್ಕಾರದ ಮೇಲೆ ಎಷ್ಟಿತ್ತೋ ಆಳುವ ಮೈತ್ರಿಕೂಟದಲ್ಲಿದ್ದ ಎಂಐಸಿ ಮೇಲೂ ಅಷ್ಟೇ ಇತ್ತು. 2008ರ ಚುನಾವಣೆಯಲ್ಲಿ ಪಕ್ಷ ಗೆದ್ದದ್ದು ಸಂಸತ್ತಿನ 3 ಸೀಟು. ಸಾಮಿವೇಲು ಸೋತರು, ಪಳನಿವೇಲ್ ಕೂಡ ಸೋತರು. ಅಷ್ಟಾದರೂ ಕುರ್ಚಿ ಖಾಲಿಯಾಗಲು 2010ರ ಡಿಸೆಂಬರ್ ಬರಬೇಕಾಯಿತು. ಅಧ್ಯಕ್ಷರಾದ ಪಳನಿವೇಲ್ ಕೈಯಲ್ಲಿ ಪಕ್ಷ ನಿಲ್ಲಲಿಲ್ಲ. 2013ರ ಆಂತರಿಕ ಚುನಾವಣೆ ಸರಿ ನಡೆದಿಲ್ಲ ಅಂತ ಸಂಘಗಳ ನೋಂದಣಿ ಇಲಾಖೆಗೆ ದೂರು ಹೋಯಿತು, ಇಲಾಖೆ ಮತ್ತೆ ಚುನಾವಣೆ ಮಾಡಿ ಅಂದಿತು, ವಿಷಯ ಕೋರ್ಟ್ ಮೆಟ್ಟಿಲೇರಿತು, 2015ರಲ್ಲಿ ಡಾ. ಎಸ್. ಸುಬ್ರಮಣ್ಯಂ ಚುಕ್ಕಾಣಿ ಹಿಡಿದರು. (ಹೆಸರು ಒಂದೇ, ಇವರು ಬೇರೆ.)

ಪಳನಿವೇಲ್‌ರನ್ನು ಬೈದು ಏನು ಪ್ರಯೋಜನ? ತಲೆ ಎತ್ತದವನನ್ನೇ ಹುಡುಕಿ ಪಕ್ಕದಲ್ಲಿ ಕೂರಿಸಿಕೊಂಡ ಮೇಲೆ, ನಾಳೆ ಅವನು ತಲೆ ಎತ್ತಿ ನಿಲ್ಲಲಿ ಅಂದರೆ ಎಲ್ಲಿಂದ ನಿಲ್ಲುತ್ತಾನೆ?

ಹಾಗಾದರೆ ಅವಧಿ ಮಿತಿ ಹಾಕಿದರೆ ಸಾಕು ಅನ್ನುತ್ತಾರೆ. ಉತ್ತರ ಅಮೆರಿಕದ ತಮಿಳು ಸಂಘಗಳ ಒಕ್ಕೂಟ ಫೆಟ್ನಾ, 1987ರಲ್ಲಿ ಹುಟ್ಟಿದ್ದು, ಅಲ್ಲಿ ಅಧ್ಯಕ್ಷರು ಬದಲಾಗುತ್ತಾ ಇರುತ್ತಾರೆ. ಒಳ್ಳೆಯದೇ. ಆದರೆ ಹೆಸರು ಬದಲಾದ ಮಾತ್ರಕ್ಕೆ ಅಧಿಕಾರ ಕೈ ಬದಲಾಯಿಸಿತು ಅಂತಲ್ಲ. ಇದನ್ನು ನಾನು ನಮ್ಮವರಲ್ಲೇ ನೋಡಿದ್ದೇನೆ. ಹೆಸರು ಬೇಡ, ಒಂದು ಕನ್ನಡ ಸಂಘ. ಹೊಸ ಖಜಾಂಚಿ ಆಯ್ಕೆಯಾದಳು, ಚಪ್ಪಾಳೆ, ಹಾರ, ಗ್ರೂಪ್ ಫೋಟೋ ಎಲ್ಲ ಆಯಿತು. ಬ್ಯಾಂಕಿನಲ್ಲಿ ಸಹಿ ಮಾತ್ರ ಹಳೇ ಖಜಾಂಚಿಯದೇ. ರಾಜ್ಯೋತ್ಸವದ ಅಡುಗೆಯವರಿಗೆ ಅಡ್ವಾನ್ಸ್ ಕೊಡಬೇಕೆಂದರೆ ಆ ಹುಡುಗಿ ಚೆಕ್ ಪುಸ್ತಕ ಹಿಡಿದು ಅಂಕಲ್ ಮನೆಗೆ ಹೋಗಬೇಕು, ಅಂಕಲ್ ಕಾಫಿ ಕೊಟ್ಟು "ಇಷ್ಟು ದುಡ್ಡು ಯಾಕಮ್ಮಾ, ನನ್ನ ಕಾಲದಲ್ಲಿ..." ಅಂತ ಶುರು ಮಾಡಬೇಕು. ಬೀರು ಕೀ ಅವರ ಹತ್ತಿರ, ಸದಸ್ಯರ ಪಟ್ಟಿ ಅವರ ಲ್ಯಾಪ್‌ಟಾಪಿನಲ್ಲಿ, ವಾಟ್ಸಾಪ್ ಗ್ರೂಪಿಗೆ ಅವರೇ ಅಡ್ಮಿನ್. ಮುಂದಿನ ಚುನಾವಣೆಗೆ ಅವಳು ನಿಲ್ಲಲಿಲ್ಲ. "ಈಗಿನ ಹುಡುಗರಿಗೆ ಆಸಕ್ತಿನೇ ಇಲ್ಲ" ಅಂತ ಅದೇ ಅಂಕಲ್ ವೇದಿಕೆ ಮೇಲೆ ಮರುಗಿದರು.

ಕುರ್ಚಿ ಜೋಡಿಸೋಕೆ, ಪಾರ್ಕಿಂಗ್ ನೋಡಿಕೊಳ್ಳೋಕೆ, ನಿರೂಪಣೆಗೆ ಹುಡುಗರು ಬೇಕು. ಬಜೆಟ್ ಮೀಟಿಂಗಿಗೆ ಬೇಡ. ತಮಿಳು ಸಂಘವಿರಲಿ, ಕನ್ನಡ ಸಂಘವಿರಲಿ, ಕಥೆ ಇದೇ.

ಸಮುದಾಯದ ಕೆಲಸ ಒಬ್ಬರ ಅವಧಿಯಲ್ಲಿ ಮುಗಿಯಲ್ಲ. ಹಲಸೂರಿನ ತಿರುವಳ್ಳುವರ್ ಪ್ರತಿಮೆ ರೆಡಿಯಾಗಿದ್ದು 1991ರಲ್ಲಿ, ಮುಸುಕು ತೆಗೆದದ್ದು 2009ರ ಆಗಸ್ಟ್‌ನಲ್ಲಿ, ಅದೇ ತಿಂಗಳು ಚೆನ್ನೈಯಲ್ಲಿ ನಮ್ಮ ಸರ್ವಜ್ಞ ನಿಂತ. ನಡುವೆ 18 ವರ್ಷ.

ನನ್ನ ಕೇಳಿದರೆ, ಹೊಸಬರು ಬಂದ ವಾರದಲ್ಲೇ ಬ್ಯಾಂಕಿನ ಸಹಿ ಬದಲಾಗಬೇಕು. ಅಧ್ಯಕ್ಷರು ಅವಧಿಯ ಕೊನೆ ವರ್ಷದ ಬಜೆಟ್ಟನ್ನು ಉಪಾಧ್ಯಕ್ಷರ ಕೈಗೆ ಕೊಡಬೇಕು, ತಪ್ಪು ಮಾಡಿದರೂ ಮಾಡಲಿ, ತಿದ್ದೋಕೆ ತಾವಿನ್ನೂ ಇರುತ್ತಾರಲ್ಲ. ಇಳಿದ ಮೇಲೆ ಗೌರವಾಧ್ಯಕ್ಷ, ಮಹಾಪೋಷಕ, ಸಲಹಾ ಸಮಿತಿ ಅಂತ ಹಿಂಬಾಗಿಲಿನಿಂದ ಬರೋದು ಬೇಡ. ಫೋನ್ ಮಾಡಿ ಕೇಳಿದರೆ ಹೇಳಿ, ಸಾಕು.