ಬೆನ್ನ ಮೇಲೆ ಮಲಗಿಯೇ ಹೆರಬೇಕಾ?

ಮಗುವಿನ ತಲೆ ಹೊರಗೆ ಬಂದಿತ್ತು, ಭುಜ ಬರಲಿಲ್ಲ. ಬಂದ ತಲೆಯೂ ಆಮೆಯ ತಲೆಯ ಹಾಗೆ ಹಿಂದಕ್ಕೆ ಸರಿಯಿತು. ಹೆರಿಗೆ ಮಾಡಿಸುತ್ತಿದ್ದ ಮಿಡ್‌ವೈಫ್ ತಕ್ಷಣ ಸಹಾಯಕ್ಕಾಗಿ ಗಂಟೆ ಒತ್ತಿದರು. ಇಬ್ಬರು ನನ್ನ ಹೆಂಡತಿಯ ಮಂಡಿಗಳನ್ನು ಹೊಟ್ಟೆಯ ಕಡೆಗೆ ಮಡಚಿ ಹಿಡಿದರು. ಇನ್ನೊಬ್ಬರು ಕಿಬ್ಬೊಟ್ಟೆಯ ಎಲುಬಿನ ಮೇಲ್ಗಡೆ ಅಂಗೈಯಿಂದ ಒತ್ತಿದರು. ಆಗಲೂ ಬರಲಿಲ್ಲ. ಕೂಡಲೇ ಅವಳನ್ನು ಮಗ್ಗುಲಾಗಿಸಿ, ಎಬ್ಬಿಸಿ, ಕೈ ಮತ್ತು ಮಂಡಿ ಊರಿಸಿದರು, ಮಕ್ಕಳು ಅಂಬೆಗಾಲಿಡುವ ಹಾಗೆ. ಬೆನ್ನೆಲುಬಿನ ಕಡೆಗಿದ್ದ ಭುಜ ಮೊದಲು ಜಾರಿತು, ಅದರ ಹಿಂದೆಯೇ ಮಗು.

ನಾನಿರುವ ಬ್ರಿಟನ್‌ನಲ್ಲಿ ತೊಡಕಿಲ್ಲದ ಹೆರಿಗೆಯನ್ನು ಮಿಡ್‌ವೈಫ್‌ಗಳೇ ಮಾಡಿಸುತ್ತಾರೆ. ತೊಡಕಾದರೆ ಡಾಕ್ಟರ್ ಬರುತ್ತಾರೆ. ಊರಿನ ಆಸ್ಪತ್ರೆಯಲ್ಲಿ ನನ್ನ ಅಕ್ಕನಿಗೆ ನೋವು ಶುರುವಾದಾಗಿನಿಂದ ಮಂಚ ಬಿಟ್ಟು ಇಳಿಯಲು ಬಿಡಲಿಲ್ಲ. ಬೆನ್ನ ಮೇಲೆ ಮಲಗಿಸಿ, ಕಾಲೆತ್ತಿ ಕಟ್ಟಿದರು. ‘ಅಲ್ಲಾಡಬೇಡಮ್ಮ’ ಅನ್ನೋದೊಂದೇ ಮಾತು. ಅವರೂ ಒಳ್ಳೆಯ ಮನಸ್ಸಿನಿಂದಲೇ ಮಾಡಿದ್ದು. ಹಾಗೆ ಮಲಗಿಸಿದರೆ ನೋಡುವವರಿಗೆ ಅನುಕೂಲ, ಹೆರುವವಳಿಗೆ ಅಲ್ಲ.

ಅಂಗಾತ ಮಲಗಿದಾಗ ಮೈಭಾರವೆಲ್ಲ ಬೆನ್ನ ಕೆಳಗಿನ ಎಲುಬಿನ ಮೇಲೆ ಬೀಳುತ್ತದೆ. ಮಗುವಿಗೆ ದಾರಿ ಬಿಡಲು ಅದು ಹಿಂದಕ್ಕೆ ಸರಿಯಬೇಕು, ಆದರೆ ಜಾಗ ಸಿಗುವುದಿಲ್ಲ. ತುಂಬಿದ ಗರ್ಭಕೋಶ ದೊಡ್ಡ ರಕ್ತನಾಳವನ್ನೂ ಅದುಮುತ್ತದೆ. ಕುಕ್ಕರಗಾಲಲ್ಲಿ ಕೂತರೆ, ಮಂಡಿಯೂರಿದರೆ, ಮಗ್ಗುಲಾದರೆ ಆ ಎಲುಬಿಗೆ ಬಿಡುವು ಸಿಗುತ್ತದೆ. ಮಗು ತಾಯಿಯ ಬೆನ್ನಿಗೆ ಬೆನ್ನು ಕೊಟ್ಟು ಕೂತಿದ್ದರೆ ಸೊಂಟ ಸೀಳಿಹೋಗುವಂಥ ನೋವು ಬರುತ್ತದಲ್ವಾ, ಅದಕ್ಕೂ ಅಂಬೆಗಾಲಿನ ಭಂಗಿಯಲ್ಲಿ ಎಷ್ಟೋ ಆರಾಮ. ಹೊಕ್ಕುಳಬಳ್ಳಿ ಮಗುವಿಗಿಂತ ಮೊದಲೇ ಜಾರಿ ಬಂದರೆ ತಾಯಿಯ ಎದೆಯನ್ನು ಕೆಳಗೆ, ಸೊಂಟವನ್ನು ಮೇಲೆ ಮಾಡಿಸುತ್ತಾರೆ. ಆಪರೇಷನ್‌ಗೆ ಕರೆದೊಯ್ಯುವವರೆಗೆ ಬಳ್ಳಿಯ ಮೇಲೆ ತಲೆಯ ಭಾರ ಬೀಳದಿರಲಿ ಅಂತ.

ಭುಜ ಸಿಕ್ಕಿಹಾಕಿಕೊಂಡಾಗ ಅಂಬೆಗಾಲಿಗೆ ತಿರುಗಿಸುವ ಉಪಾಯಕ್ಕೆ ಅಮೆರಿಕದ ಮಿಡ್‌ವೈಫ್ ಐನಾ ಮೇ ಗ್ಯಾಸ್ಕಿನ್ ಅವರ ಹೆಸರಿದೆ. ಅದರ ಮೂಲ ಗ್ವಾಟೆಮಾಲಾದ ಸೂಲಗಿತ್ತಿಯರು ಅಂತ ಅವರೇ ಹೇಳಿದ್ದಾರೆ. 1998ರ ವರದಿಯೊಂದರಲ್ಲಿ ಹೀಗೆ ತಿರುಗಿಸಿದ 82 ಹೆರಿಗೆಗಳ ಲೆಕ್ಕವಿದೆ. ಅದರಲ್ಲಿ 68ಕ್ಕೆ ಬೇರೆ ಯಾವ ಉಪಾಯವೂ ಬೇಕಾಗಲಿಲ್ಲ. ಸೂಲಗಿತ್ತಿಯರ ಕೈಯಲ್ಲಿದ್ದ ತಿಳಿವಳಿಕೆ ಇದು. ಅದನ್ನು ಹಳೇ ಕಾಲದ್ದು ಅಂತ ಸುಮ್ನೆ ತಳ್ಳಿಹಾಕಿದಾಗ ನನಗೆ ಸಂಕಟವಾಗುತ್ತದೆ.

ಎಲ್ಲಕ್ಕೂ ಒಂದೇ ಭಂಗಿ ಮದ್ದಲ್ಲ. ನೆಟ್ಟಗೆ ಕೂತು ಹೆತ್ತಾಗ ರಕ್ತ ಸ್ವಲ್ಪ ಜಾಸ್ತಿ ಹೋಗಬಹುದು. ನೋವು ತಿಳಿಯದಿರಲಿ ಅಂತ ಬೆನ್ನಿಗೆ ಎಪಿಡ್ಯೂರಲ್ ಅನ್ನುವ ಇಂಜೆಕ್ಷನ್ ಚುಚ್ಚಿಸಿಕೊಂಡವರಿಗೆ ಮಗ್ಗುಲಾಗಿ ಮಲಗುವುದೇ ಮೇಲು ಅಂತ 2017ರಲ್ಲಿ ಬ್ರಿಟನ್‌ನ ದೊಡ್ಡ ಅಧ್ಯಯನವೊಂದು ತೋರಿಸಿತು. ಯಾವಾಗ ಯಾವುದು ಅಂತ ಗೊತ್ತಿರುವವರು ಪಕ್ಕದಲ್ಲಿ ಇರಬೇಕು. ಹೆರುವಾಗಿನ ಭಂಗಿ ಹೆಂಗಸಿನ ಆಯ್ಕೆಯಾಗಿರಲಿ ಅಂತ ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲೇ ಹೇಳಿದೆ.

ತಂಗಿಗೆ ಈಗ ಏಳು ತಿಂಗಳು. ಮೊನ್ನೆ ಫೋನಿನಲ್ಲಿ ಹೇಳಿದೆ: ಮುಂದಿನ ಸಲ ತೋರಿಸಿಕೊಳ್ಳಲು ಹೋದಾಗ ಎರಡು ಮಾತು ಕೇಳಮ್ಮ. ನೋವು ಬರುವಾಗ ಓಡಾಡಬಹುದಾ? ಮಗ್ಗುಲಾಗಿಯೋ ಮಂಡಿಯೂರಿಯೋ ಹೆರಬಹುದಾ? ‘ಬೈದುಬಿಟ್ಟರೆ?’ ಅಂದಳು. ಕೇಳಿದ್ದಕ್ಕೆ ಬೈಯುವ ಆಸ್ಪತ್ರೆ ಬೇಡ, ಇನ್ನೂ ಎರಡು ತಿಂಗಳಿದೆ, ಬೇರೆ ನೋಡೋಣ ಅಂದೆ.